ಅಟ್ಟದಿಂದ ಇಳಿದ ಗಂಟುಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಬಿಟ್ಟು ನೋಡು ಎಂಬ ಮೂರನೆಯ ಮಾತನ್ನು ಅವರು ಹೇಳಲಿಲ್ಲ. ಕಟ್ಟಿದ ಮನೆಯನ್ನು ಬಿಡುವ ಪ್ರಸಂಗ ಅವರ ಕಾಲದಲ್ಲಿ ಹೆಚ್ಚಾಗಿ ಬರುತ್ತಿರಲಿಲ್ಲವೋ, ಬಂದರೂ ಒಂದು ಎತ್ತಿನ ಗಾಡಿಯಲ್ಲಿ ಹಿಡಿಸುವಷ್ಟೇ ಸಾಮಾನು ಇರುತ್ತಿತ್ತೋ, ನಾನು ಕಾಣೆ. ಆ ಮೂರನೆಯ ಮಾತಿನ ಅರ್ಥ ನನಗೆ ಆದದ್ದು ಕಳೆದ ವರ್ಷದ ಬೇಸಗೆಯಲ್ಲಿ.

ಧಾರವಾಡದಲ್ಲಿ ನನ್ನ ತಂದೆಯವರು ೧೯೬೧ರಲ್ಲಿ ಕಟ್ಟಿಸಿದ ಮನೆ ಅದು. ಅವರು ಕನ್ನಡ ಶಾಲೆಯ ಮಾಸ್ತರರು. ಮನೆಯ ಸಾಲ ತೀರಿಸಲು ಹನ್ನೆರಡು ವರ್ಷ ಹಿಡಿಯಿತೆಂದು ಅವ್ವ ಹೇಳುತ್ತಿದ್ದಳು. ಗೃಹಪ್ರವೇಶದ ದಿನ ನಾನು ಮೂರು ವರ್ಷದ ಕೂಸು. ಮಂಗಳೂರು ಹಂಚಿನ ಹೊದಿಕೆ, ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲಲ್ಲಿ ಒಂದು ನುಗ್ಗೆಯ ಗಿಡ. ಇವೆಲ್ಲದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಹಲಗೆಯ ಅಟ್ಟ. ತಮ್ಮಂದಿರಿಬ್ಬರೂ ಬೇರೆ ಊರುಗಳಲ್ಲಿ ನೆಲೆನಿಂತಿದ್ದಾರೆ. ಪ್ರತಿ ಮಳೆಗಾಲಕ್ಕೂ ಮೊದಲು ಹಂಚು ಸರಿಪಡಿಸುವ, ಹಿತ್ತಲನ್ನು ಹಸನುಮಾಡುವ ಶಕ್ತಿ ನನಗಾಗಲಿ ನನ್ನ ಹೆಂಡತಿಗಾಗಲಿ ಉಳಿದಿಲ್ಲ. ಆದ್ದರಿಂದ ಎಲ್ಲರೂ ಒಮ್ಮನಸ್ಸಿನಿಂದ ಮನೆಯನ್ನು ಮಾರಿದೆವು. ಈಗ ನಾವಿಬ್ಬರು ಬೆಂಗಳೂರಿನಲ್ಲಿ ಮಗಳ ಮನೆಗೆ ಸಮೀಪದಲ್ಲಿ, ಮೂರನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ಇದ್ದೇವೆ. ಇಲ್ಲಿ ಅಟ್ಟವೆಂಬುದಿಲ್ಲ. ಅಟ್ಟವಿಲ್ಲದ ಮನೆಯಲ್ಲಿ ತನಗೆ ಬೇಕಾದುದು ಯಾವುದು, ಬೇಡವಾದುದು ಯಾವುದು ಎಂಬುದನ್ನು ಮನುಷ್ಯ ಅಂದಂದೇ ನಿರ್ಧರಿಸಬೇಕಾಗುತ್ತದೆ. ಅಟ್ಟವಿದ್ದರೆ ಆ ನಿರ್ಧಾರವನ್ನು ಮುಂದಿನ ತಲೆಮಾರಿಗೆ ದಾಟಿಸಬಹುದು. ನನ್ನ ತಂದೆಯವರು ಹಾಗೆ ದಾಟಿಸಿದ್ದರು. ನಾನೂ ಅರುವತ್ತು ವರ್ಷಗಳ ಕಾಲ ಅದನ್ನೇ ಮಾಡಿದ್ದೆ.

ಸಾಮಾನನ್ನು ಕೆಳಗಿಳಿಸುವುದಕ್ಕೇ ನಾಲ್ಕು ದಿನ ಹಿಡಿಯಿತು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಮಿತವ್ಯಯದ ಹಿರಿಮೆ ಸಾರುವುದಕ್ಕಾಗಿ ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದವನು ನಾನು. ಮುರಿದ ಕೊಡೆ, ಹಿಡಿಕೆ ಹರಿದ ಚೀಲ, ಕೀಲಿಕೈ ಕಳೆದುಹೋದ ಬೀಗ ಇವುಗಳಿಗೂ ಆ ಗಾದೆ ಸಲ್ಲುತ್ತದೆಂಬುದು ಆಗ ತಿಳಿಯಿತು. ಇಂಥವುಗಳನ್ನು ಬೇರ್ಪಡಿಸುವುದು ಕಷ್ಟವಾಗಲಿಲ್ಲ. ಕಷ್ಟ ತೊಡಗಿದ್ದು ಆಮೇಲೆ: ಬೆಲೆಯಿಲ್ಲದ, ಆದರೆ ಎಸೆಯಲೂ ಬಾರದ ವಸ್ತುಗಳ ಸರದಿ ಬಂದಾಗ.

ಇಂಥ ಸಮಯದಲ್ಲಿ ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ನನ್ನೊಡನೆ ಕೆಲಸ ಮಾಡಿ ನಿವೃತ್ತರಾದ ಮಿತ್ರರೊಬ್ಬರು ಬಾಗಿಲಲ್ಲಿ ನಿಂತು, “ಒಂದು ವರ್ಷ ಕೈ ಮುಟ್ಟದ ಸಾಮಾನು ಮನೆಗೆ ಬ್ಯಾಡಂತ ತಿಳೀರಿ. ಕಣ್ಣು ಮುಚ್ಚಿ ಕೊಟ್ಟುಬಿಡ್ರಿ” ಎಂದರು. ಅಂದು ಸಂಜೆ ಕಿರಿಯ ತಮ್ಮ ದೂರವಾಣಿಯಲ್ಲಿ, “ಅಣ್ಣಾ, ಅಪ್ಪನ ಕೈ ಮುಟ್ಟಿದ್ದು ಒಂದೂ ಹೊರಗ ಹೋಗಬಾರದು ನೋಡು” ಎಂದು ಗದ್ಗದನಾಗಿ ಹೇಳಿದ. ಅವನ ಮನೆಯಲ್ಲಿ ಸ್ಥಳವಿದೆಯೇ ಎಂದು ಕೇಳಿದೆ. ಇಲ್ಲವೆಂದ. ಇನ್ನೊಬ್ಬರ ಮನೆಯಲ್ಲಿ ಭದ್ರವಾಗಿರಲಿ ಎಂದು ಬಯಸುವ ಪ್ರೀತಿ ಸುಲಭವಾದ ಪ್ರೀತಿ. ಆದರೂ ಅವನ ಮಾತನ್ನು ನಾನು ಹಗುರವಾಗಿ ಕಾಣಲಿಲ್ಲ. ಮಿತ್ರರ ಸೂತ್ರದಲ್ಲಿ ವಿವೇಕವಿತ್ತು, ತಮ್ಮನ ಗದ್ಗದದಲ್ಲಿ ಸತ್ಯವಿತ್ತು. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿತ್ತು. ವಸ್ತುವನ್ನು ಉಳಿಸುವುದು ಬೇರೆ, ಆ ವಸ್ತುವಿನಲ್ಲಿ ಇರುವುದನ್ನು ಉಳಿಸುವುದು ಬೇರೆ. ಇವೆರಡರಲ್ಲಿ ನಮಗೆ ನಿಜವಾಗಿ ಬೇಕಾದುದು ಯಾವುದು? ಎರಡನೆಯದೇ ಮುಖ್ಯವೆಂದೂ, ಅದಕ್ಕಾಗಿ ಮೊದಲನೆಯದನ್ನು ಅನೇಕ ಸಲ ಬಿಟ್ಟುಕೊಡಬಹುದೆಂದೂ ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಸುಖವಾಗಿ ಬಂದವನಲ್ಲ.

ಪಾತ್ರೆಗಳಿಂದ ಆರಂಭಿಸಿದೆವು. ನಮ್ಮ ಕಡೆಯ ಪಾತ್ರೆಗಳಿಗೆ ಒಂದು ಸೊಗಸಿದೆ: ಅವು ಮಾತನಾಡುತ್ತವೆ. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಕೊಟ್ಟ ತಂಬಿಗೆ, ತಾಟು, ಕೊಡಗಳ ಅಂಚಿನಲ್ಲಿ ಕೊಟ್ಟವರ ಹೆಸರನ್ನೂ ತಾರೀಖನ್ನೂ ಚುಕ್ಕೆ ಚುಕ್ಕೆಯಾಗಿ ಕೆತ್ತಿಸುವ ಪದ್ಧತಿ ನಮ್ಮಲ್ಲಿತ್ತು. ಮದುವೆಯ ಆಮಂತ್ರಣಪತ್ರ ಗೆದ್ದಲಿನ ಪಾಲಾದ ಮೇಲೂ ಹಿತ್ತಾಳೆಯ ತಂಬಿಗೆ ಆ ದಿನವನ್ನು ತಪ್ಪದೆ ಹೇಳುತ್ತದೆ. ಅವ್ವನ ಮದುವೆಯ ವರ್ಷದ ಬಗ್ಗೆ ನಮ್ಮ ಮನೆಯಲ್ಲಿ ಇದ್ದ ವಾದವೊಂದು ಒಂದು ಕೊಡದ ಕಂಠವನ್ನು ಹುಣಿಸೆಹಣ್ಣಿನಿಂದ ತಿಕ್ಕಿದಾಗ ತೀರಿಹೋಯಿತು. ಅಂಥ ಇಪ್ಪತ್ತೆಂಟು ಪಾತ್ರೆಗಳಿದ್ದವು. ಕಲಾಯಿ ಹಾಕುವವರು ಓಣಿಗೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಮಾಡಲಾಗದು. ನಾನು ಒಂದು ವಹಿಯಲ್ಲಿ ಇಪ್ಪತ್ತೆಂಟರ ಬರಹವನ್ನೂ ಇದ್ದಂತೆಯೇ ನಕಲು ಮಾಡಿಕೊಂಡೆ. ಎರಡು ಪಾತ್ರೆಗಳನ್ನು ಇಟ್ಟುಕೊಂಡು, ಉಳಿದವುಗಳಲ್ಲಿ ಯಾರು ಕೊಟ್ಟದ್ದೋ ಅವರ ಮಕ್ಕಳು ಊರಲ್ಲಿದ್ದರೆ ಅವರಿಗೇ ತಲುಪಿಸಿದೆವು. ತನ್ನ ಅಜ್ಜನ ಹೆಸರಿದ್ದ ತಂಬಿಗೆಯನ್ನು ಕೈಗೆ ತೆಗೆದುಕೊಂಡ ಒಬ್ಬ ತರುಣ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತಿದ್ದ. ನಮ್ಮ ಅಟ್ಟದಲ್ಲಿ ಅದು ಕತ್ತಲೆಯಲ್ಲಿ ಕುಳಿತಿತ್ತಷ್ಟೆ.

ಬೀಸುವ ಕಲ್ಲಿನದು ಬೇರೆಯೇ ಪ್ರಶ್ನೆ. ಒಬ್ಬರಿಂದ ಎತ್ತಲಾಗದ ಭಾರ. ಅವ್ವ ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದುದು, ಕಲ್ಲಿನ ಸದ್ದಿನೊಡನೆ ಅವಳ ಹಾಡು ಬೆರೆತು ನನ್ನ ನಿದ್ದೆಯೊಳಕ್ಕೆ ಬರುತ್ತಿದ್ದುದು ಇಂದಿಗೂ ನೆನಪಿದೆ. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಹಿತ್ತಲು ಸೇರಿತು. ಹಾಡು ಎಲ್ಲಿಗೂ ಸೇರಲಿಲ್ಲ. ಬೀಸುವಾಗ ಮಾತ್ರ ಹುಟ್ಟುತ್ತಿದ್ದ ಹಾಡು ಬೀಸುವುದು ನಿಂತಾಗ ತಾನೂ ನಿಂತಿತು. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು, ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವಾಗಿ ಪ್ರಕಟಿಸಿದರು. ಆ ಕಾಲದ ಬೀಸುವ ಕಲ್ಲುಗಳು ಈಗ ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ಹಾಡುಗಳು ಮಾತ್ರ ನಮ್ಮ ಕೈಯಲ್ಲಿವೆ. ಆ ಗೆಳೆಯರು ಹಾಡುಗಳ ಬದಲು ಕಲ್ಲುಗಳನ್ನು ಸಂಗ್ರಹಿಸಿ ಒಂದು ಕೋಣೆಯಲ್ಲಿ ಇಟ್ಟಿದ್ದರೆ ನಮಗೆ ಏನು ಸಿಗುತ್ತಿತ್ತೆಂದು ಯೋಚಿಸಿ ನೋಡಬೇಕು. ನಮ್ಮ ಕಲ್ಲನ್ನು ಹಿತ್ತಲಲ್ಲಿಯೇ ಬಿಟ್ಟು ಬಂದೆವು. ಅವ್ವನ ಹಾಡುಗಳಲ್ಲಿ ನನಗೂ ತಂಗಿಗೂ ಸೇರಿ ನೆನಪಿಗೆ ಬಂದವು ಏಳು ನುಡಿಗಳು ಮಾತ್ರ. ಅವನ್ನು ಬರೆದಿಟ್ಟೆವು. ಇಪ್ಪತ್ತೈದು ವರ್ಷ ಮೊದಲು ಕುಳಿತಿದ್ದರೆ ಎಪ್ಪತ್ತಾದರೂ ಸಿಗುತ್ತಿದ್ದವು.

ಈಗ ಕಾಗದಪತ್ರಗಳ ಮಾತು. ನನ್ನ ಅಭಿಪ್ರಾಯಕ್ಕೆ ಇಲ್ಲಿ ಒಂದು ವಿನಾಯಿತಿ ಬೇಕು. ಪಾತ್ರೆಯ ಮೇಲಿನ ಬರಹವನ್ನು ನಕಲು ಮಾಡಿಕೊಂಡು ಪಾತ್ರೆಯನ್ನು ಬಿಡಬಹುದು. ಕಾಗದದಲ್ಲಿ ವಸ್ತುವೂ ಅದರ ಒಳಗಿನ ಜೀವವೂ ಒಂದೇ ಆಗಿರುತ್ತವೆ. ತಂದೆಯವರ ಟ್ರಂಕಿನಲ್ಲಿ ಅವರ ನೌಕರಿಯ ಕಾಗದಗಳ ಕಟ್ಟು ಇತ್ತು. ಮೊದಲ ನೇಮಕದ ಆದೇಶದ ಮೇಲೆ ಮುಂಬಯಿ ಸರಕಾರದ ಹೆಸರು. ೧೯೫೬ರ ನವೆಂಬರಿನ ತರುವಾಯದ ಕಾಗದಗಳ ಮೇಲೆ ಮೈಸೂರು ರಾಜ್ಯ. ೧೯೭೩ರ ನವೆಂಬರಿನ ಅನಂತರದವುಗಳ ಮೇಲೆ ಕರ್ನಾಟಕ. ಅವರು ಧಾರವಾಡ ಜಿಲ್ಲೆಯನ್ನು ಬಿಟ್ಟು ಒಂದು ದಿನವೂ ಕೆಲಸ ಮಾಡಿದವರಲ್ಲ. ಮನುಷ್ಯ ಕದಲಲಿಲ್ಲ, ರಾಜ್ಯಗಳೇ ಅವರ ಸುತ್ತ ಬದಲಾದವು. ಕರ್ನಾಟಕದ ಏಕೀಕರಣವನ್ನು ಹಲವು ವರ್ಷ ತರಗತಿಗಳಲ್ಲಿ ಬೋಧಿಸಿದ ನನಗೆ, ನಮ್ಮ ಮನೆಯ ಅಟ್ಟದ ಮೇಲೆಯೇ ಅದರ ಪಾಠ ಕಟ್ಟಿಟ್ಟಿದೆ ಎಂಬುದು ಗೊತ್ತಿರಲಿಲ್ಲ.

ನಾಡಿನ ಎಷ್ಟೋ ಸಂಪತ್ತು ಹೀಗೆ ಮನೆಗಳ ಮೂಲೆಗಳಲ್ಲಿ ಕುಳಿತು ಉಳಿದದ್ದು, ಹೀಗೆಯೇ ಕುಳಿತು ಅಳಿದದ್ದು. ಫ. ಗು. ಹಳಕಟ್ಟಿಯವರು ೧೮೮೦ರಲ್ಲಿ ನಮ್ಮ ಧಾರವಾಡದಲ್ಲಿಯೇ ಹುಟ್ಟಿದವರು; ವಿಜಯಪುರದಲ್ಲಿ ವಕೀಲರಾಗಿದ್ದರು. ಶಿವಶರಣರ ವಚನಗಳ ತಾಳೆಗರಿಗಳು ಮನೆಗಳಲ್ಲಿ, ಮಠಗಳಲ್ಲಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಹುಳುಗಳಿಗೆ ಆಹಾರವಾಗುತ್ತಿದ್ದುದನ್ನು ಅವರು ಕಂಡರು. ಊರೂರು ತಿರುಗಿ ಅವನ್ನು ಕೂಡಿಸಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಮುದ್ರಣಕ್ಕೆ ನೆರವು ಸಾಲದಾದಾಗ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಪರರ ಮನೆಗಳ ಮೂಲೆಯಲ್ಲಿದ್ದುದನ್ನು ಉಳಿಸಲು ತಮ್ಮ ಮನೆಯನ್ನೇ ಕಳೆದುಕೊಂಡವರು ಅವರು. ಆ ತಾಳೆಗರಿಗಳನ್ನು ಕಟ್ಟಿಟ್ಟವರ ಮೊಮ್ಮಕ್ಕಳು, ‘ಒಂದು ವರ್ಷ ಮುಟ್ಟದ ಸಾಮಾನು’ ಎಂಬ ಸೂತ್ರವನ್ನು ಪಾಲಿಸಿದ್ದರೆ ಹಳಕಟ್ಟಿಯವರು ಹೋಗುವ ಹೊತ್ತಿಗೆ ಅಲ್ಲಿ ಏನು ಇರುತ್ತಿತ್ತು? ಕೇವಲ ಅರಿಸಿನ ಕುಂಕುಮ ಏರಿಸಿ ಕಟ್ಟನ್ನು ಬಿಚ್ಚದೆಯೇ ಇಟ್ಟವರೂ ಅದನ್ನು ಉಳಿಸಿದವರಲ್ಲ ಎಂಬುದನ್ನು ಇದರ ಜೊತೆಗೇ ನೆನೆಯಬೇಕು. ಅವರು ಅದನ್ನು ಕಾದರು, ಉಳಿಸಿದವನು ಓದಿದವನು.

ಇಷ್ಟೆಲ್ಲ ಹೇಳುವ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಮರೆಮಾಚಬಾರದು.

ನನ್ನ ಅವ್ವ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಮದುವೆಯಾದಂದಿನಿಂದ ಮನೆಯ ದಿನದ ಖರ್ಚನ್ನು ಬರೆದಿಡುವ ಅಭ್ಯಾಸ ಅವಳಿಗಿತ್ತು. ಹಾಲಿನ ಲೆಕ್ಕಕ್ಕೆ ಉದ್ದ ಗೆರೆಗಳು, ಕಿರಾಣಿ ಸಾಮಾನಿಗೆ ಬೇರೆ ಸಾಲು; ನಡುನಡುವೆ ದೊಡ್ಡ ಮಳೆಯೆಂದೋ, ಯಾರೋ ಬೀಗರು ಬಂದರೆಂದೋ ಒಂದೆರಡು ಮಾತು. ಅಂಥ ವಹಿಗಳು ಮೂವತ್ತಕ್ಕೂ ಹೆಚ್ಚು ಇದ್ದವು. ಅವಳು ೧೯೯೬ರಲ್ಲಿ ತೀರಿಕೊಂಡಳು. ಮರುವರ್ಷ ಮನೆಗೆ ಸುಣ್ಣ ಬಳಿಸುವಾಗ ನಾನು ಹಳೆಯ ವರ್ತಮಾನಪತ್ರಿಕೆಗಳ ಜೊತೆಗೆ ಆ ವಹಿಗಳನ್ನೂ ಪಡಸಾಲೆಗೆ ತಂದು ಹಾಕಿದೆ. ರದ್ದಿ ಕೊಳ್ಳುವವನು, “ಮಾಸ್ತರ್ರ, ಎಲ್ಲಾ ಕೂಡಿಸಿ ತೂಕಕ್ಕ ಹಾಕ್ಲೇನ್ರಿ?” ಎಂದು ಕೇಳಿದ. ಹಾಕೆಂದೆ. ಹಾಕುವ ಮುನ್ನ ಒಂದು ವಹಿ ಜಾರಿ ತೆರೆದುಕೊಂಡಿತು. ನಾನು ನೌಕರಿಗೆಂದು ಮೊದಲ ಸಲ ಮನೆ ಬಿಟ್ಟು ಹಳ್ಳಿಗೆ ಹೊರಟ ದಿನದ ಪುಟ ಅದು. ಆ ದಿನದ ಖರ್ಚಿನ ಸಾಲುಗಳು ಬರಿದಾಗಿದ್ದವು. ಪುಟದ ನಡುವೆ ನನ್ನ ಹೆಸರನ್ನು ಮಾತ್ರ ಬರೆದಿದ್ದಳು.

ನಾನು ನಕ್ಕು ಅದನ್ನೂ ತಕ್ಕಡಿಗೆ ಹಾಕಿದೆ. ಏಕೆ ಹಾಗೆ ಮಾಡಿದೆನೆಂದು ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಸುಣ್ಣದ ಕೆಲಸದವರು ಕಾಯುತ್ತಿದ್ದರು, ಶಾಲೆಗೆ ಹೊತ್ತಾಗಿತ್ತು ಎಂಬ ಉತ್ತರಗಳು ಸುಳ್ಳಲ್ಲ, ಸಾಲವುದಿಲ್ಲ ಅಷ್ಟೆ. ಮೂರನೆಯ ದಿನ ಏನೋ ತಳಮಳವಾಗಿ ಅಂಗಡಿಗೆ ಹೋದೆ. ರದ್ದಿ ಆಗಲೇ ಕಾಗದದ ಕಾರಖಾನೆಗೆ ಹೊರಟುಹೋಗಿತ್ತು. ಅವ್ವನ ಕೈಬರಹವೆಂಬುದು ಇಂದು ನಮ್ಮ ಮನೆಯಲ್ಲಿ ಒಂದು ಅಕ್ಷರವೂ ಇಲ್ಲ. ಎಂ. ಎ. ಪದವಿ ಪಡೆದ, ಶಾಸನದ ಒಂದೊಂದು ಅಕ್ಷರವೂ ಅಮೂಲ್ಯವೆಂದು ಮಕ್ಕಳಿಗೆ ಬೋಧಿಸಿದ ಮಗ ಮಾಡಿದ ಕೆಲಸ ಇದು. ನನಗೆ ಬಂದ ಹಣ ಎಷ್ಟೆಂಬುದು ನೆನಪಿಲ್ಲ. ಎರಡು ದಿನದ ಕಾಯಿಪಲ್ಯಕ್ಕೆ ಆಗಿರಬಹುದು.

ಆದ್ದರಿಂದ ಈ ಸಲ ಕಾಗದಗಳ ಕಟ್ಟುಗಳನ್ನು ನಾನೇ ಕುಳಿತು ಬಿಚ್ಚಿದೆ. ಹಿಂದೆ ಎಲ್ಲರ ಮನೆಗಳಲ್ಲಿಯೂ ಇರುತ್ತಿದ್ದಂತೆ ನಮ್ಮ ಪಡಸಾಲೆಯ ಗೋಡೆಯಲ್ಲಿಯೂ ಒಂದು ಮೊಳೆಗೆ ಕೊಕ್ಕೆಯಾಗಿ ಬಾಗಿಸಿದ ತಂತಿ ತೂಗುತ್ತಿತ್ತು. ಬಂದ ಪತ್ರವನ್ನು ಓದಿ, ಉತ್ತರ ಬರೆದ ಮೇಲೆ ಆ ತಂತಿಗೆ ಚುಚ್ಚುವುದು ತಂದೆಯವರ ಪದ್ಧತಿ. ತಂತಿ ತುಂಬಿದರೆ ಅದನ್ನು ಹಾಗೆಯೇ ಅಟ್ಟಕ್ಕೆ ಏರಿಸಿ ಹೊಸದನ್ನು ತೂಗಹಾಕುತ್ತಿದ್ದರು. ಅಂಥ ಐದು ತಂತಿಗಳು ಇಳಿದುಬಂದವು. ಎಲ್ಲ ಪತ್ರಗಳಿಗೂ ನಡುಮಧ್ಯದಲ್ಲಿ ಒಂದು ತೂತು, ತೂತಿನ ಸುತ್ತ ತುಕ್ಕಿನ ಉಂಗುರ. ಅಂಚೆಯ ಕಾರ್ಡು ನಮ್ಮ ದೇಶಕ್ಕೆ ಬಂದದ್ದು ೧೮೭೯ರಲ್ಲಿ. ಆ ಅಂಗೈಯಗಲದ ಹಲಗೆಯಲ್ಲಿ ನಮ್ಮ ಹಿರಿಯರು ಎಷ್ಟನ್ನು ತುಂಬುತ್ತಿದ್ದರೆಂಬುದು ಈಗಿನವರಿಗೆ ಆಶ್ಚರ್ಯ ತಂದೀತು. ಕ್ಷೇಮಸಮಾಚಾರ, ಮಳೆಬೆಳೆ, ವರಾನ್ವೇಷಣೆ, ಎತ್ತಿನ ಬೆಲೆ, ಕೊನೆಗೆ ಜಾಗವಿಲ್ಲದೆ ಅಂಚಿನುದ್ದಕ್ಕೂ ತಿರುಗಿಸಿ ಬರೆದ ನಮಸ್ಕಾರ. ಅವುಗಳ ನಡುವೆ ಮೂರು ತಾರುಗಳೂ ಇದ್ದವು. ತಾರು ಬಂತೆಂದರೆ ಒಡೆಯುವ ಮೊದಲೇ ಅಳು ಕೇಳಿಸುತ್ತಿದ್ದ ಕಾಲ ಅದು. ೨೦೧೩ರ ಜುಲೈ ತಿಂಗಳಲ್ಲಿ ಆ ಸೇವೆಯೇ ನಿಂತುಹೋಯಿತು. ನಮ್ಮ ಮೂರು ತಾರುಗಳಲ್ಲಿ ಎರಡು ಸಾವಿನವು. ಮೂರನೆಯದು ನಾನು ಬಿ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೆ ಸೋದರಮಾವ ಕಳಿಸಿದ ಅಭಿನಂದನೆ. ಅದು ಬಂದಾಗಲೂ ಅವ್ವ ಮೊದಲು ಅತ್ತಿದ್ದಳು.

ಪತ್ರಗಳನ್ನೆಲ್ಲ ಇಟ್ಟುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ತಂಗಿ ತನ್ನ ಮದುವೆಯ ಹೊಸದರಲ್ಲಿ ಬರೆದ ಒಂದು ಪತ್ರ ಸಿಕ್ಕಿತು. ಅತ್ತೆಯ ಮನೆಯಲ್ಲಿ ಅವಳಿಗಿದ್ದ ಕಷ್ಟ ಅದರಲ್ಲಿತ್ತು. ತಂದೆಯವರು ಅದನ್ನು ತಂತಿಗೆ ಚುಚ್ಚದೆ ತಮ್ಮ ಪಂಚಾಂಗದೊಳಗೆ ಮಡಚಿಟ್ಟಿದ್ದರು. ಅನಂತರ ಅವಳ ಸಂಸಾರ ತಿಳಿಯಾಯಿತು. ಅವಳಿಗೂ ಈಗ ಸೊಸೆ ಬಂದಿದ್ದಾಳೆ. ನಾನು ಅವಳಿಗೆ ಕರೆಮಾಡಿ, ಪತ್ರವನ್ನು ಏನು ಮಾಡಲಿ ಎಂದು ಕೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಅಪ್ಪ ಅದನ್ನ ಇಟ್ಟಿದ್ದರೇನು?” ಎಂದಳು. ಮತ್ತೆ ಸ್ವಲ್ಪ ತಡೆದು, “ಒಲೀಗೆ ಹಾಕಿಬಿಡು ಅಣ್ಣಾ” ಎಂದಳು. ಬಚ್ಚಲೊಲೆಗೆ ಹಾಕಿದೆ. ಪತ್ರವೆಂಬುದು ಬರೆದವರದೂ ಬರೆಯಿಸಿಕೊಂಡವರದೂ ಆದ ಸ್ವತ್ತು; ಅಟ್ಟವನ್ನು ತೆರವು ಮಾಡಿದವನ ಸ್ವತ್ತಲ್ಲ. ಅವ್ವನ ವಹಿಯನ್ನು ಕಳೆದದ್ದಕ್ಕೆ ಇಂದಿಗೂ ನೋಯುವ ನಾನು, ತಂಗಿಯ ಪತ್ರವನ್ನು ಸುಟ್ಟದ್ದಕ್ಕೆ ನೊಂದಿಲ್ಲ.

ಬಟ್ಟೆಯ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಈ ಸಮಸ್ಯೆಯನ್ನು ಎಂದೋ ಬಿಡಿಸಿದ್ದಾರೆ. ಅವರ ಉತ್ತರದ ಹೆಸರು ಕೌದಿ. ಹರಿದ ಸೀರೆ, ಧೋತರ, ಅಂಗಿಗಳನ್ನು ತುಂಡುಮಾಡಿ, ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ದಾರ ಓಡಿಸಿ ಹೊಲಿದ ಹೊದಿಕೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಅದನ್ನು ನೋಡುವುದೇ ಒಂದು ಚೆಂದ. ನಮ್ಮ ಮನೆಯ ಕೌದಿಯಲ್ಲಿ ಅವ್ವನ ಇಳಕಲ್ಲ ಸೀರೆಯ ಕೆಂಪು ಸೆರಗು ಇದೆ, ತಂದೆಯವರ ಧೋತರದ ಅಂಚು ಇದೆ, ನಾನು ಮೊಳಕೈ ಹರಿದುಕೊಂಡ ಶಾಲೆಯ ಅಂಗಿ ಇದೆ. ಒಂದೊಂದು ಬಟ್ಟೆಯನ್ನೂ ಮಡಚಿ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಿದ್ದರೆ ಮೂರು ಟ್ರಂಕು ಬೇಕಾಗುತ್ತಿತ್ತು, ಯಾರಿಗೂ ಬೆಚ್ಚಗಾಗುತ್ತಿರಲಿಲ್ಲ. ಹಳೆಯದನ್ನು ಗೌರವಿಸಬೇಕಾದರೆ ಅದಕ್ಕೆ ಕತ್ತರಿ ಹಾಕಲೇಬಾರದೆಂಬ ನಂಬಿಕೆ ತಪ್ಪೆಂದು ಆ ಕೌದಿಯನ್ನು ಹೊದ್ದ ಯಾರಿಗಾದರೂ ತಿಳಿದೀತು. ಬೆಂಗಳೂರಿಗೆ ನಾವು ತಂದ ಗಂಟುಗಳಲ್ಲಿ ಮೊದಲನೆಯದು ಅದೇ.

ಹಿರಿಯರಾದ ನಾವು ಮಾಡುವ ಇನ್ನೊಂದು ಅನ್ಯಾಯವಿದೆ. ನಮಗೆ ಎಸೆಯಲು ಧೈರ್ಯ ಬಾರದ ವಸ್ತುವನ್ನು, ಇದು ನಿನಗೇ ಎಂದು ಮಕ್ಕಳ ಕೈಗೆ ಕೊಟ್ಟುಬಿಡುತ್ತೇವೆ. ಕೊಟ್ಟವರಿಗೆ ಹೃದಯ ಹಗುರಾಗುತ್ತದೆ. ಪಡೆದವರಿಗೆ ಒಂದು ಋಣ ಹೆಗಲೇರುತ್ತದೆ. ಮಗಳಿಗೆ ನಾನು ತೆಗೆದಿರಿಸಿದ್ದು ತಂದೆಯವರ ಮರದ ಮೇಜು, ನನ್ನ ಅವ್ವನ ದೊಡ್ಡ ತಾಮ್ರದ ಹಂಡೆ, ತೊಟ್ಟಿಲು. ಅವಳು ಎಲ್ಲವನ್ನೂ ನೋಡಿ, ಬೇಡವೆಂದು ಹೇಳಲಾರದೆ ನಿಂತಳು. “ನಿನಗೇನು ಬೇಕು, ನೀನೇ ತಗೊಳ್ಳವ್ವಾ” ಎಂದು ಅವಳ ತಾಯಿ ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ಮೂಲೆಯಿಂದ ಒಂದು ಚಟಾಕನ್ನು ತಂದಳು. ಸೇರು, ಪಾವು, ಚಟಾಕುಗಳು ಪೇಟೆಯಿಂದ ಮರೆಯಾದದ್ದು ೧೯೬೦ರ ದಶಕದ ಆರಂಭದಲ್ಲಿ, ಮೆಟ್ರಿಕ್ ಅಳತೆ ಕಡ್ಡಾಯವಾದಾಗ. ಅಡುಗೆಮನೆಗಳಲ್ಲಿ ಕಾನೂನು ಅಷ್ಟು ಬೇಗ ನಡೆಯುವುದಿಲ್ಲ. ಶಾಲೆಯಿಂದ ಬಂದ ಮೊಮ್ಮಗಳಿಗೆ ಅವ್ವ ಆ ಚಟಾಕಿನಿಂದ ಹುರಿದ ಶೇಂಗಾ ಅಳೆದು ಕೊಡುತ್ತಿದ್ದಳಂತೆ, ಅಳೆದ ಮೇಲೆ ಮೇಲಿಷ್ಟು ಸುರಿಯುತ್ತಿದ್ದಳಂತೆ. ಇದು ನನಗೆ ಗೊತ್ತೇ ಇರಲಿಲ್ಲ. ನಾನು ಅವಳಿಗಾಗಿ ಆರಿಸಿದ ಮೂರು ವಸ್ತುಗಳಲ್ಲಿ ಒಂದರೊಡನೆಯೂ ಅವಳಿಗೆ ಒಡನಾಟವಿರಲಿಲ್ಲ. ಯಾವುದು ನೆನಪಾಗುತ್ತದೆಂಬುದನ್ನು ಕೊಡುವವನು ನಿರ್ಧರಿಸಲಾರ.

ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಅದರ ಕಂಬ, ಅಡುಗೆಮನೆ, ಪಾತ್ರೆಪರಡಿಗಳೊಡನೆ ಕಾಪಾಡಿದ್ದಾರೆ. ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆಯೂ, ಅದರ ಮಗ್ಗುಲಲ್ಲಿ ಅವರ ಹೆಸರಿನ ಭವನವೂ ಇವೆ. ಅದು ಯೋಗ್ಯವೇ. ನೋಡಲು ಹೋದವರಿಗೆ ಅಲ್ಲಿ ಹೇಳುವವರಿದ್ದಾರೆ, ಹೇಳಲು ಕಾವ್ಯವಿದೆ. ಸಾಮಾನ್ಯರ ಮನೆ ವಸ್ತುಸಂಗ್ರಹಾಲಯವಾಗಲಾರದು, ಆಗಲೂ ಬೇಕಾಗಿಲ್ಲ. ನಮ್ಮ ಮನೆಯನ್ನು ಈಗ ಕೆಡವಿದ್ದಾರೆಂದು ಕೇಳಿದೆ. ಪತ್ರದ ತಂತಿ ತೂಗುತ್ತಿದ್ದ ಮೊಳೆಯನ್ನು ಕೀಳಬೇಕೆಂದುಕೊಂಡು ಮರೆತುಬಂದೆ. ಅಷ್ಟೊಂದು ಎಣಿಸಿ ಹೊರಟರೂ ಮರೆತುಬಂದದ್ದು ಒಂದು ಇದ್ದೇ ಇರುತ್ತದೆ.

ಕೊನೆಯದಾಗಿ ಉಳಿದದ್ದು ಭಾವಚಿತ್ರಗಳ ಪೆಟ್ಟಿಗೆ. ಮೊಮ್ಮಗಳು ಆಗ ರಜೆಗೆ ಬಂದಿದ್ದಳು; ಒಂಬತ್ತನೆಯ ತರಗತಿಗೆ ಕಾಲಿಡುತ್ತಿದ್ದ ಹುಡುಗಿ. ಅವಳ ತಾಯಿಯ ಮೊಬೈಲಿನಲ್ಲಿ ಹನ್ನೊಂದು ಸಾವಿರ ಚಿತ್ರಗಳಿವೆಯೆಂದು ಅವಳೇ ಹೇಳಿದಳು. ನಮ್ಮ ಪೆಟ್ಟಿಗೆಯಲ್ಲಿದ್ದುದು ಎಂಬತ್ತನಾಲ್ಕು. ಹನ್ನೊಂದು ಸಾವಿರದಲ್ಲಿ ಎಷ್ಟಕ್ಕೆ ಹೆಸರು ಬರೆದಿದ್ದೀರಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಒಂದು ದೊಡ್ಡ ಚಿತ್ರವನ್ನು ಎತ್ತಿ ಹಿಡಿದು, “ಅಜ್ಜಾ, ಇವರೆಲ್ಲ ಯಾರು?” ಎಂದಳು. ರಟ್ಟಿಗೆ ಅಂಟಿಸಿದ ಗುಂಪಿನ ಚಿತ್ರ. ಹದಿನೇಳು ಜನ ಮಾಸ್ತರರು. ಕುಳಿತವರು ಏಳು, ನಿಂತವರು ಹತ್ತು. ಬಹುಮಂದಿಗೆ ಟೋಪಿ, ಇಬ್ಬರಿಗೆ ರುಮಾಲು. ನಿಂತವರ ಸಾಲಿನಲ್ಲಿ ನನ್ನ ತಂದೆ. ಹಿಂಬದಿಯಲ್ಲಿ ಒಂದು ಅಕ್ಷರವೂ ಇಲ್ಲ. ಚಿತ್ರ ತೆಗೆಸಿದಾಗ ಎಲ್ಲರಿಗೂ ಎಲ್ಲರ ಹೆಸರೂ ಗೊತ್ತಿತ್ತು. ಬರೆಯುವ ಅಗತ್ಯ ಯಾರಿಗೂ ತೋರಿರಲಿಕ್ಕಿಲ್ಲ.

ನಾನು ತೊಂಬತ್ತು ದಾಟಿದ ಹಿರಿಯ ಮಾಸ್ತರರೊಬ್ಬರ ಮನೆಗೆ ಅವಳನ್ನು ಕರೆದುಕೊಂಡು ಹೋದೆ. ಅವರ ಕಣ್ಣು ಮಂದವಾಗಿತ್ತು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು, ಟೋಪಿ ಇಟ್ಟ ರೀತಿಯಿಂದ, ನಿಂತ ನಿಲುವಿನಿಂದ ಒಬ್ಬೊಬ್ಬರನ್ನೇ ಗುರುತಿಸಿದರು. ಒಬ್ಬರು ಗಣಿತದಲ್ಲಿ ಗಟ್ಟಿಗರು, ಇನ್ನೊಬ್ಬರು ಬಯಲಾಟದಲ್ಲಿ ಪಾರ್ಟು ಮಾಡುತ್ತಿದ್ದವರು, ಮತ್ತೊಬ್ಬರು ಬೆತ್ತವನ್ನೇ ಮುಟ್ಟದವರು. ಹದಿನಾರು ಹೆಸರು ಬಂದವು. ಮಸಿಯ ಲೇಖನಿಯಾದರೆ ಮುಂದೆ ಊರುತ್ತದೆಂದು ನಾನು ಮೆತ್ತನೆಯ ಸೀಸದಕಡ್ಡಿಯನ್ನು ಕೊಟ್ಟಿದ್ದೆ. ಮೊಮ್ಮಗಳು ರಟ್ಟಿನ ಹಿಂದೆ ಎಡದಿಂದ ಬಲಕ್ಕೆ ಬರೆಯುತ್ತ ಹೋದಳು. ತಂದೆಯವರ ಎಡಕ್ಕೆ ನಿಂತ ಒಬ್ಬರ ಹೆಸರು ಮಾತ್ರ ಎಷ್ಟು ಹೊತ್ತಾದರೂ ಅವರಿಗೆ ಹೊಳೆಯಲಿಲ್ಲ. ತೆಳ್ಳಗಿನ ಮನುಷ್ಯ, ಕೈಯನ್ನು ತಂದೆಯವರ ಹೆಗಲ ಮೇಲೆ ಇಟ್ಟಿದ್ದಾರೆ. ಹಿರಿಯರು ಕಣ್ಣು ಮುಚ್ಚಿ ಕುಳಿತು, ಕೊನೆಗೆ ತಲೆಯಲ್ಲಾಡಿಸಿದರು.

ದಾರಿಯಲ್ಲಿ ಬರುವಾಗ, ಆ ಜಾಗವನ್ನು ಬಿಟ್ಟೆಯಾ ಎಂದು ಕೇಳಿದೆ. ಅವಳು ಚಿತ್ರವನ್ನು ತಿರುಗಿಸಿ ತೋರಿಸಿದಳು. ಹನ್ನೆರಡನೆಯ ಹೆಸರಿನ ಸ್ಥಾನದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದಳು: ‘ಹೆಸರು ತಿಳಿಯಲಿಲ್ಲ. ಮುತ್ತಜ್ಜನ ಗೆಳೆಯರು.’